ಗೊಂಬೆ ಕ್ವಿಲ್ಟ್ ಒಗೆಯಬೇಡಿ, ತಿರುಗಿಸಿ ನೋಡಿ

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಅಮೆರಿಕದ ಹಳೆಯ ಗೊಂಬೆ ಕ್ವಿಲ್ಟ್‌ಗಳ ಬಗ್ಗೆ ಬಂದ ಸಚಿತ್ರ ಲೇಖನ ಓದಿದೆ. ತುಂಡು ಬಟ್ಟೆ ಜೋಡಿಸಿ ಹೊಲಿದ ಈ ಪುಟ್ಟ ಹೊದಿಕೆಗಳ ಬಗ್ಗೆ ಕನ್ನಡದಲ್ಲಿ ಯಾರಾದರೂ ಬರೆದರಲ್ಲ ಎಂದು ಸಂತೋಷವಾಯಿತು. ಆದರೆ ಅದರಲ್ಲಿ ಬಂದ ಮೂರು ಮಾತುಗಳನ್ನು ಹಾಗೇ ಬಿಡುವಂತಿಲ್ಲ. ಇವೆಲ್ಲ ಪುಟ್ಟ ಹುಡುಗಿಯರೇ ಹೊಲಿದ ಮುದ್ದಾದ ಆಟಿಕೆಗಳು ಎಂಬುದು ಒಂದು. ಮದುವೆಗೆ ಮೊದಲು ಪ್ರತಿ ಹುಡುಗಿಯೂ 13 ಕ್ವಿಲ್ಟ್ ಮುಗಿಸಲೇಬೇಕಿತ್ತು ಎಂಬುದು ಇನ್ನೊಂದು. ಕೊಳೆಯಾಗಿದ್ದರೆ ಸೋಪಿನ ಪುಡಿಯಲ್ಲಿ ನೆನೆಸಿ, ಹಿಂಡಿ, ಬಿಸಿಲಿಗೆ ಹಾಕಿ ಎಂಬ ಸಲಹೆ ಮೂರನೆಯದು. ಹೊರದೇಶದಲ್ಲಿ ನೆಲೆಸಿದ ನಮ್ಮವರು ಅಲ್ಲಿನ ಹಳೆ ಸಾಮಾನಿನ ಅಂಗಡಿಗಳಿಂದ ಇಂಥವನ್ನು ಕೊಂಡು ಊರಿಗೆ ತರುವುದುಂಟು. ಆ ಸಲಹೆ ಕೇಳಿ ಯಾರಾದರೂ ಒಂದನ್ನು ಬಕೆಟ್ಟಿಗೆ ಹಾಕಿದರೆ ಮತ್ತೆ ಸರಿಮಾಡಲು ಬರುವುದಿಲ್ಲ. ಅದಕ್ಕೇ ಈ ದೀರ್ಘ ಪತ್ರ.

ಮೊದಲು ಅಳತೆ. ಗೊಂಬೆಯ ಮಂಚಕ್ಕೆ ಹೊಲಿದ ಕ್ವಿಲ್ಟ್ ಸಾಮಾನ್ಯವಾಗಿ 12ರಿಂದ 24 ಇಂಚಿನೊಳಗೆ ಇರುತ್ತದೆ. ತೊಟ್ಟಿಲ ಮಗುವಿನದು ಅದಕ್ಕಿಂತ ದೊಡ್ಡದು, 36 ಇಂಚಿನ ಆಸುಪಾಸು. ಇವೆರಡನ್ನೂ ಲೇಖನದಲ್ಲಿ ಬೆರೆಸಿಬಿಟ್ಟಿದ್ದಾರೆ. ತೊಟ್ಟಿಲಿನದನ್ನು ಹೊಲಿದದ್ದು ಹೆಚ್ಚಾಗಿ ತಾಯಿ, ಅಜ್ಜಿ, ಅತ್ತೆಯರು. ಗೊಂಬೆಯದನ್ನು ಹುಡುಗಿ ಹೊಲಿದಿರಬಹುದು, ದೊಡ್ಡವರು ಹೊಲಿದು ಕೊಟ್ಟಿರಬಹುದು, ದೊಡ್ಡ ಕ್ವಿಲ್ಟ್ ಹರಿದಾಗ ಉಳಿದ ಗಟ್ಟಿ ಭಾಗವನ್ನು ಕತ್ತರಿಸಿ ಅಂಚು ಕಟ್ಟಿದ್ದೂ ಇರಬಹುದು. ಮುಂಭಾಗದ ಫೋಟೊ ಒಂದನ್ನೇ ನೋಡಿ ಈ ಮೂರರಲ್ಲಿ ಯಾವುದೆಂದು ಹೇಳಲಾಗದು.

19ನೇ ಶತಮಾನದ ಅಮೆರಿಕದಲ್ಲಿ ಹುಡುಗಿಯ ಕೈಗೆ ನಾಲ್ಕೈದು ವರ್ಷಕ್ಕೇ ಸೂಜಿ ಬರುತ್ತಿತ್ತು. ಆಟಕ್ಕೆ ಹೋಗುವ ಮೊದಲು ದಿನಕ್ಕೆ ಇಷ್ಟು ಹೊಲಿಯಬೇಕು ಎಂಬ ಪಾಲು ಅನೇಕ ಮನೆಗಳಲ್ಲಿ ಗೊತ್ತು ಮಾಡಿರುತ್ತಿದ್ದರು. ಕಲಿಕೆ ತುಂಡು ಬಟ್ಟೆಯಿಂದಲೇ ಶುರುವಾಗಲು ಒಳ್ಳೆಯ ಕಾರಣವಿದೆ. ಅಂಗಿಯ ಹೊಲಿಗೆ ಉದ್ದ. ನಡುವೆ ತಪ್ಪಿದರೆ ಇಡೀ ಬಟ್ಟೆ ಹಾಳು. ಚೌಕ ತುಂಡಿನ ಹೊಲಿಗೆ ಒಂದೂವರೆ ಇಂಚಿನಲ್ಲಿ ಮುಗಿಯುತ್ತದೆ. ತಪ್ಪಿದರೆ ಬಿಚ್ಚಿ ಮತ್ತೆ ಹೊಲಿಯಬಹುದು, ತುಂಡೇ ಹಾಳಾದರೂ ಅದು ಹೇಗೂ ಉಳಿಕೆ ಬಟ್ಟೆ. ನೇರ ಹೊಲಿಗೆ, ಸಮ ಅಂತರ, ಗಂಟು ಹಾಕುವುದು, ದಾರ ಮುಗಿಸುವುದು ಇಷ್ಟನ್ನೂ ಮಗುವಿನ ತಾಳ್ಮೆ ಮುಗಿಯುವುದರೊಳಗೆ ಕಲಿಸಬಹುದು.

ಅತಿ ಸಾಮಾನ್ಯವಾದ ಒಂಬತ್ತು ತುಂಡಿನ ಮಾದರಿಯನ್ನೇ ನೋಡೋಣ. ಮುಗಿದಾಗ 1 ಇಂಚಿನ ಚೌಕ ಬೇಕಾದರೆ ಒಂದೂವರೆ ಇಂಚಿನ ಚೌಕ ಕತ್ತರಿಸಬೇಕು, ಸುತ್ತಲೂ ಹೊಲಿಗೆಗೆಂದು ಬಿಡುವ ಕಾಲು ಇಂಚು ಮಾರ್ಜಿನ್. 5 ಗಾಢ, 4 ತಿಳಿ ಬಣ್ಣದ ತುಂಡು ಸೇರಿ 3 ಇಂಚಿನ ಒಂದು ಮನೆ (ಬ್ಲಾಕ್). ಇಂಥ 13 ಮನೆ, ನಡುನಡುವೆ ಜೋಡಣೆಯಿಲ್ಲದ ಬಿಡಿ ಬಟ್ಟೆಯ 12 ಮನೆ, ಅಡ್ಡಕ್ಕೆ 5, ಉದ್ದಕ್ಕೆ 5 ಹೀಗೆ ಜೋಡಿಸಿದರೆ 15 ಇಂಚು ಚೌಕ. ಸುತ್ತ ಒಂದೂವರೆ ಇಂಚಿನ ಪಟ್ಟಿ ಕೊಟ್ಟರೆ 18 ಇಂಚು. ಅಂದರೆ 65 ಗಾಢ ತುಂಡು, 52 ತಿಳಿ ತುಂಡು, ಮೂರೂವರೆ ಇಂಚಿನ 12 ಬಿಡಿ ತುಂಡು. ಒಂದೊಂದು ಮನೆಗೆ 8 ಹೊಲಿಗೆಯಂತೆ 104, ಮನೆಗಳನ್ನು ಕೂಡಿಸಲು ಇನ್ನೂ 24. ಅಂಚಿನ ಪಟ್ಟಿ ಮುಟ್ಟುವ ಮೊದಲೇ ಹುಡುಗಿ 128 ಸಲ ಶುರುಮಾಡಿ 128 ಸಲ ಮುಗಿಸಿರುತ್ತಾಳೆ. ಅಷ್ಟು ಅಭ್ಯಾಸ ಒಂದು ಅಂಗೈಯಗಲದ ಬಟ್ಟೆಯ ರಾಶಿಯಲ್ಲಿ ಸಿಗುತ್ತಿತ್ತು.

ಇದರೊಳಗೆ ಗಣಿತವೂ ಇದೆ. ಹೊಲಿಗೆ ಇಂಚಿನ ಹದಿನಾರನೇ ಒಂದು ಭಾಗ, ಅಂದರೆ ನಮ್ಮ ಲೆಕ್ಕದ ಒಂದು ವೀಸದಷ್ಟು, ಒಳಗೆ ಸರಿದಿದೆ ಎಂದುಕೊಳ್ಳಿ. ತಪ್ಪು ಎರಡೂ ತುಂಡಿನಲ್ಲಿ ಬೀಳುವುದರಿಂದ ಪ್ರತಿ ಹೊಲಿಗೆಗೆ ಅರೆಕಾಲು ಇಂಚು ಹೋಗುತ್ತದೆ. ಒಂದು ಮನೆಯ ಅಡ್ಡಗಲದಲ್ಲಿ ಎರಡು ಹೊಲಿಗೆ, ಆದ್ದರಿಂದ ಕಾಲು ಇಂಚು ಕಡಿಮೆ. ಸುತ್ತಲಿನ ಮಾರ್ಜಿನ್ ಸೇರಿ ಮೂರೂವರೆ ಇಂಚು ಬರಬೇಕಾದದ್ದು ಮೂರೂಕಾಲು ಬರುತ್ತದೆ. ಅದನ್ನು ಮೂರೂವರೆ ಇಂಚಿನ ಬಿಡಿ ತುಂಡಿಗೆ ಕೂಡಿಸುವಾಗ ಎಳೆದು ಹಿಡಿಯಬೇಕಾಗುತ್ತದೆ, ಬಿಡಿ ತುಂಡು ಸುಕ್ಕುಗಟ್ಟಿ ಉಬ್ಬುತ್ತದೆ. ಹಳೆಯ ಗೊಂಬೆ ಕ್ವಿಲ್ಟ್‌ಗಳಲ್ಲಿ ಬಿಡಿ ಚೌಕಗಳು ಉಬ್ಬಿ ಕೂತಿರುವುದನ್ನು ಲೇಖಕರು 'ಮುಗ್ಧ ಸೌಂದರ್ಯ' ಎಂದಿದ್ದಾರೆ. ಅದು ಮಾರ್ಜಿನ್ ಇನ್ನೂ ಕೈಗೆ ಹತ್ತದ ಮಗುವಿನ ಲೆಕ್ಕವಾಗಿರಬಹುದು. ಅದೇ ಕ್ವಿಲ್ಟ್‌ನ ಒಂದು ಮೂಲೆಯಲ್ಲಿ ಉಬ್ಬು ಹೆಚ್ಚಿದ್ದು ಎದುರಿನ ಮೂಲೆಯಲ್ಲಿ ಇಲ್ಲವೇ ಇಲ್ಲ ಎಂದಾದರೆ, ಹೊಲಿಯುತ್ತ ಹೊಲಿಯುತ್ತ ಕೈ ಪಳಗಿತೆಂದು ಊಹಿಸಲು ಅವಕಾಶವಿದೆ. ಸರಿಪಡಿಸುತ್ತೇನೆಂದು ಅದನ್ನು ಬಿಚ್ಚಿ ಹೊಲಿದವರು ಆ ಗುರುತನ್ನೇ ಅಳಿಸುತ್ತಾರೆ.

ಸುಕ್ಕಿಗೆ ಬೇರೆ ಕಾರಣಗಳೂ ಇವೆ. ಚೌಕವನ್ನು ಹಾಸು ಹೊಕ್ಕಿನ ಎಳೆಗೆ ಸರಿಯಾಗಿ ಕತ್ತರಿಸದೆ ಓರೆಯಾಗಿ ಕತ್ತರಿಸಿದ್ದರೆ ಅಂಚು ಹಿಗ್ಗಿ ಅಲೆಅಲೆಯಾಗುತ್ತದೆ. ತುಂಬ ಉದ್ದದ ದಾರ ತೆಗೆದುಕೊಂಡರೆ ಪ್ರತಿ ಸಲ ಬಟ್ಟೆಯ ಮೂಲಕ ಎಳೆದಾಗ ಸವೆದು, ಸಿಕ್ಕಾಗಿ, ಹೊಲಿಗೆ ಬಿಗಿಯುತ್ತದೆ. 18 ಇಂಚು ಸಾಕು. ಹೊಲಿಗೆಯ ಮಾರ್ಜಿನ್ನುಗಳನ್ನು ಎರಡು ಕಡೆಗೆ ಬಿಡಿಸದೆ ಗಾಢ ಬಣ್ಣದ ಕಡೆಗೆ ಒಟ್ಟಿಗೆ ಮಡಿಸಿ ಇಸ್ತ್ರಿ ಮಾಡುವುದು ಅಲ್ಲಿನ ಕ್ರಮ. ಬಿಡಿಸಿಟ್ಟರೆ ಎಳೆತವೆಲ್ಲ ದಾರದ ಮೇಲೇ ಬಿದ್ದು ಕೈಹೊಲಿಗೆ ಬಾಯಿಬಿಡುತ್ತದೆ, ತಿಳಿ ಬಟ್ಟೆಯ ಕಡೆಗೆ ಮಡಿಸಿದರೆ ಗಾಢ ಬಣ್ಣ ಕೆಳಗಿನಿಂದ ಇಣುಕುತ್ತದೆ.

ಷಟ್ಕೋನದ ಮಾದರಿ ಇದಕ್ಕಿಂತ ಕಷ್ಟದ ತರಗತಿ. 1835ರಲ್ಲಿ ಫಿಲಡೆಲ್ಫಿಯಾದ 'ಗೋಡೀಸ್ ಲೇಡೀಸ್ ಬುಕ್' ಎಂಬ ಮಾಸಪತ್ರಿಕೆ ಜೇನುಗೂಡಿನ ಈ ಮಾದರಿಯನ್ನು ಅಚ್ಚುಮಾಡಿತ್ತು. ಕಾಗದವನ್ನು ಷಟ್ಕೋನವಾಗಿ ಕತ್ತರಿಸಿ, ಅದರ ಮೇಲೆ ಬಟ್ಟೆ ಇಟ್ಟು, ಕಾಲು ಇಂಚು ಹಿಂದಕ್ಕೆ ಮಡಿಸಿ ಕಚ್ಚಾ ಹೊಲಿಗೆ ಹಾಕುವುದು. ಆಮೇಲೆ ಎರಡು ಷಟ್ಕೋನಗಳನ್ನು ಮುಖಕ್ಕೆ ಮುಖ ಇಟ್ಟು ಅಂಚಿನ ಒಂದೆರಡು ಎಳೆಯನ್ನಷ್ಟೇ ಹಿಡಿದು ಸುತ್ತುಹೊಲಿಗೆ ಹಾಕುವುದು. ನಡುವೆ ಒಂದು, ಸುತ್ತ ಆರು, ಒಟ್ಟು ಏಳು ಸೇರಿದರೆ ಒಂದು ಹೂವು. ಸೂಜಿ ಕಾಗದವನ್ನೂ ಹಿಡಿದರೆ ಕಾಗದ ಹೊರಬರುವುದಿಲ್ಲ, ಎಳೆದರೆ ಹೊಲಿಗೆ ಕೀಳುತ್ತದೆ. ಕಾಗದ ಪೆನ್ಸಿಲ್ ಗೆರೆಯ ಅಗಲದಷ್ಟು ಹೆಚ್ಚುಕಡಿಮೆಯಾದರೂ ಹೂವು ಸಮತಟ್ಟಾಗಿ ಕೂರದೆ ನಡು ಮೇಲೆದ್ದು ಬಟ್ಟಲಾಗುತ್ತದೆ. ಈ ಕಾಗದಗಳಿಗೆ ಹಳೆಯ ಪತ್ರ, ಕಾಪಿ ಪುಸ್ತಕ, ಲೆಕ್ಕದ ಹಾಳೆಗಳೇ ಬಳಕೆಯಾಗುತ್ತಿದ್ದವು. ಅರ್ಧಕ್ಕೆ ನಿಂತ ಕೆಲಸದಲ್ಲಿ ಅವು ಹಾಗೇ ಉಳಿದಿದ್ದರೆ ದಯವಿಟ್ಟು ಕೀಳಬೇಡಿ. ಕಾಗದದ ಮೇಲಿನ ತಾರೀಖಿಗಿಂತ ಹಿಂದೆ ಆ ಹೊಲಿಗೆ ನಡೆದಿರಲಾರದು. ಇಷ್ಟು ಖಚಿತವಾದ ಸಾಕ್ಷಿ ಬಟ್ಟೆಯಲ್ಲಿ ಸಿಗುವುದು ಕಡಿಮೆ.

ಮೇಲ್ಪದರ ಮುಗಿದ ಮೇಲೆ ಹತ್ತಿಯ ಪದರ, ಅದರಡಿ ಅಸ್ತರು. ದೊಡ್ಡ ಕ್ವಿಲ್ಟ್ ಅನ್ನು ಮರದ ಚೌಕಟ್ಟಿಗೆ ಬಿಗಿದು ಹೊಲಿಯುತ್ತಾರೆ. ಪುಟ್ಟದ್ದು ತೊಡೆಯ ಮೇಲೇ ಆಗುತ್ತದೆ. ಅಲ್ಲೇ ಮಕ್ಕಳು ಎಡವುವುದು: ಮೂರು ಪದರಕ್ಕೂ ಮೂರ್ನಾಲ್ಕು ಇಂಚಿಗೊಂದು ಕಚ್ಚಾ ಹೊಲಿಗೆ ಹಾಕದಿದ್ದರೆ ಕೆಳಗಿನದು ಸರಿದು ಮಡಿಕೆ ಬೀಳುತ್ತದೆ, ಮೇಲಿನಿಂದ ಕಾಣುವುದಿಲ್ಲ. ಕೊನೆಯದು ಅಂಚು. ಅಸ್ತರನ್ನೇ ಅರ್ಧ ಇಂಚು ದೊಡ್ಡದಾಗಿ ಬಿಟ್ಟು ಮುಂದಕ್ಕೆ ಮಡಚಿ ಹೆಮ್ಮಿಂಗ್ ಮಾಡುವುದು ಸುಲಭದ ದಾರಿ. ಮಗುವಿಗೆ ಹೆಮ್ಮಿಂಗ್ ಕಲಿಸಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಮುಂದೆ ಅಂಗಿ, ಹಾಸಿಗೆ ಬಟ್ಟೆ, ಟವೆಲ್ಲು ಎಲ್ಲಕ್ಕೂ ಬೇಕಾದದ್ದು ಇದೇ ಹೊಲಿಗೆ.

ಈಗ ಶಾಲೆಯ ಮಾತು. ಲೇಖನ ಮನೆಯನ್ನಷ್ಟೇ ಹೇಳಿ ನಿಂತಿದೆ. ಇಂಗ್ಲೆಂಡಿನಲ್ಲಿ 1862ರ ಶಿಕ್ಷಣ ಸಂಹಿತೆ ಸರ್ಕಾರಿ ಅನುದಾನ ಪಡೆಯುವ ಶಾಲೆಗಳಲ್ಲಿ ಹುಡುಗಿಯರಿಗೆ ಸಾದಾ ಸೂಜಿ ಕೆಲಸವನ್ನು ಕಡ್ಡಾಯ ಮಾಡಿತು. ಅಂಚು ಮಡಿಸುವುದು, ಜೋಡಿಸುವುದು, ನೆರಿಗೆ, ಗುಂಡಿಮನೆ, ಕಾಲುಚೀಲದ ರಫು, ತೇಪೆ ಹೀಗೆ ಪಾಠ ಬೆಳೆಯುತ್ತಿತ್ತು. ಬಟ್ಟೆ ಉಳಿಸಲು ಮಕ್ಕಳು ಇದನ್ನೆಲ್ಲ ಕೆಲವೇ ಇಂಚಿನ ತುಂಡಿನಲ್ಲಿ ಹೊಲಿಯುತ್ತಿದ್ದರು. ಐರ್ಲೆಂಡಿನ ರಾಷ್ಟ್ರೀಯ ಶಾಲೆಗಳಲ್ಲಿ ಇಂಥ ಮಾದರಿಗಳನ್ನು ಪುಸ್ತಕದ ಹಾಳೆಗಳಿಗೆ ಹೊಲಿದು ಇಡುತ್ತಿದ್ದರು. ಗೊಂಬೆಗೆ ಸರಿಹೋಗುವಷ್ಟು ಪುಟ್ಟ ಅಂಗಿ, ಪುಟ್ಟ ಕಾಲುಚೀಲ ಅವುಗಳಲ್ಲಿವೆ. ಗೊಂಬೆ ಕ್ವಿಲ್ಟ್ ಅನ್ನು ಈ ಪುಸ್ತಕಗಳ ಪಕ್ಕದಲ್ಲಿಟ್ಟು ನೋಡಿದರೆ ಅದು ಹಲವು ಸಲ ಪಾಠದ ಸಾಮಗ್ರಿಯೂ ಆಗಿತ್ತು ಎಂಬುದು ಸ್ಪಷ್ಟವಾಗುತ್ತದೆ. ಇದನ್ನು ಬರೀ ಹೊಗಳಬೇಕೆಂದೂ ನಾನು ಹೇಳುವುದಿಲ್ಲ. ಸೂಜಿಗೆ ಹೋದ ಹೊತ್ತು ಹುಡುಗಿಯರ ಬೇರೆ ಪಾಠಗಳಿಂದ ಕಳೆದದ್ದು. ಬಡವರ, ಅನಾಥಾಲಯದ ಹುಡುಗಿಯರಿಗೆ ಈ ವಿದ್ಯೆ ಇನ್ನೊಬ್ಬರ ಮನೆ ಚಾಕರಿಗೆ ತಯಾರಿಯಾಗಿತ್ತು. ನಮ್ಮ ನಾಡಿಗೆ ಬಂದ ಮಿಷನರಿಗಳು ತೆರೆದ ಹೆಣ್ಣುಮಕ್ಕಳ ಶಾಲೆಗಳಲ್ಲೂ ಓದು ಬರಹದ ಜೊತೆ ಸೂಜಿ ಕೆಲಸ ಬಂದದ್ದು ಇದೇ ಚಿಂತನೆಯಿಂದ.

ಪುಟ್ಟ ಕ್ವಿಲ್ಟ್ ಕಲಿಸಿದ್ದು ಹೊಲಿಗೆಯನ್ನು ಮಾತ್ರವಲ್ಲ ಎನ್ನಲು ಒಂದು ಉದಾಹರಣೆ ಸಾಕು. ಅಮೆರಿಕದ ಲೇಖಕಿ ಲಿಡಿಯಾ ಮರಿಯಾ ಚೈಲ್ಡ್ 1829ರಲ್ಲಿ ಮಿತವ್ಯಯದ ಗೃಹಿಣಿಯರಿಗಾಗಿ ಕೈಪಿಡಿ ಬರೆದವರು. ಬಟ್ಟೆಯನ್ನು ಚೂರು ಮಾಡಿ ಮತ್ತೆ ಜೋಡಿಸುವುದು ಕಾಲಹರಣವೇ ಸರಿ, ಆದರೂ ದೊಡ್ಡ ಸಂಸಾರವನ್ನು ಸೋಮಾರಿತನದಿಂದ ತಪ್ಪಿಸಿ ನಾಲ್ಕು ಕಾಸು ಉಳಿಸಬಹುದು ಎಂಬುದು ಅವರ ನಿಲುವು. ಅದೇ ಚೈಲ್ಡ್ 1836ರಲ್ಲಿ ಬಾಸ್ಟನ್ನಿನ ಗುಲಾಮಗಿರಿ ವಿರೋಧಿ ಮೇಳಕ್ಕಾಗಿ ನಕ್ಷತ್ರಗಳ ಒಂದು ತೊಟ್ಟಿಲ ಕ್ವಿಲ್ಟ್ ಹೊಲಿದರೆಂದು ನಂಬಲಾಗಿದೆ. ನಡುವಿನ ನಕ್ಷತ್ರದಲ್ಲಿ ಶಾಯಿಯಿಂದ ಬರೆದ ಪದ್ಯವಿದೆ: ಮಗುವನ್ನು ತೋಳಿನಲ್ಲಿ ಬಳಸಿಕೊಳ್ಳುವಾಗ, ಮಗುವನ್ನು ಕಳೆದುಕೊಂಡ ಗುಲಾಮ ತಾಯಿಯನ್ನು ನೆನೆ ಎಂದು ಅದು ಕೇಳುತ್ತದೆ. ಇಂದು ಅದು ಅಮೆರಿಕದ 'ಹಿಸ್ಟಾರಿಕ್ ನ್ಯೂ ಇಂಗ್ಲೆಂಡ್' ಸಂಸ್ಥೆಯ ಸಂಗ್ರಹದಲ್ಲಿದೆ. ಆ ಕಾಲದ ಅಮೆರಿಕದ ಹತ್ತಿಯನ್ನು ಬಹುಪಾಲು ಬೆಳೆದು ಬಿಡಿಸಿದವರೂ ಗುಲಾಮರೇ ಎಂಬುದನ್ನು ಮರೆಯಬಾರದು.

13 ಕ್ವಿಲ್ಟ್‌ಗಳ ಕಥೆ ಕೇಳಲು ಚೆಂದ. ಆದರೆ ಅದು ಎಲ್ಲರಿಗೂ ಕಡ್ಡಾಯವಾದ ಪದ್ಧತಿಯಾಗಿತ್ತು ಎಂದು ತೋರಿಸುವ ಆಧಾರವಿಲ್ಲ. ಅದನ್ನು ಬಿಟ್ಟುಬಿಡುವುದೇ ಒಳ್ಳೆಯದು.

ಕೊಳ್ಳುವವರಿಗೆ ಒಂದು ಎಚ್ಚರಿಕೆ. 1971ರಲ್ಲಿ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂ ಹಳೆಯ ಕ್ವಿಲ್ಟ್‌ಗಳನ್ನು ಚಿತ್ರಗಳಂತೆ ಗೋಡೆಗೆ ತೂಗುಹಾಕಿ ಪ್ರದರ್ಶಿಸಿದ ಮೇಲೆ ಸಂಗ್ರಹಿಸುವವರು ಹೆಚ್ಚಿದರು, ಬೆಲೆಯೂ ಏರಿತು. ದೊಡ್ಡದನ್ನು ಕತ್ತರಿಸಿ ನಾಲ್ಕು 'ಗೊಂಬೆ ಕ್ವಿಲ್ಟ್' ಮಾಡಿ ಮಾರುವವರು ಇದ್ದಾರೆ. ಗುರುತು ಹಿಡಿಯಲು ಅಂಚು ನೋಡಿ. ಮಾದರಿಯ ಮನೆಗಳು ಅರ್ಧಕ್ಕೆ ತುಂಡಾಗಿದ್ದರೆ, ಪದರ ಕೂಡಿಸಿದ ಹೊಲಿಗೆಯ ವಿನ್ಯಾಸ ಅಂಚಿನ ಪಟ್ಟಿಯೊಳಕ್ಕೆ ನುಗ್ಗಿ ಕಾಣೆಯಾಗಿದ್ದರೆ, ಆಕಾರಕ್ಕೆ ಹೋಲಿಸಿದರೆ ತುಂಡುಗಳು ತೀರ ದೊಡ್ಡದಿದ್ದರೆ ಅನುಮಾನಿಸಿ. ಅಂಚಿನ ಪಟ್ಟಿ ಹೊಸದಾಗಿದೆ ಎಂಬ ಒಂದೇ ಕಾರಣಕ್ಕೆ ಮೋಸ ಎನ್ನಬೇಡಿ, ಮೊದಲು ಸವೆಯುವುದೇ ಅಂಚು. ಅತಿನೇರಳೆ ಟಾರ್ಚಿನಡಿ ದಾರವೋ ಬಿಳಿ ಬಟ್ಟೆಯೋ ನೀಲಿಯಾಗಿ ಹೊಳೆದರೆ ಅದರಲ್ಲಿ 20ನೇ ಶತಮಾನದ ಹೊಳಪಿನ ರಾಸಾಯನಿಕ ಇದೆ. ಆದರೆ ಇಂದಿನ ಸೋಪಿನ ಪುಡಿಯಲ್ಲೂ ಅದೇ ಇರುವುದರಿಂದ, ಒಮ್ಮೆ ಒಗೆದ ಹಳೆಯ ಬಟ್ಟೆಯೂ ಹೊಳೆಯುತ್ತದೆ. ಒಗೆತ ಪರೀಕ್ಷೆಯ ದಾರಿಯನ್ನೂ ಮುಚ್ಚುತ್ತದೆ ಎಂದಾಯಿತು. ಯಂತ್ರದ ಹೊಲಿಗೆ ಕಂಡರೆ ಹೊಸದೆಂದು ತಳ್ಳಬೇಡಿ. ಮನೆಬಳಕೆಯ ಹೊಲಿಗೆ ಯಂತ್ರ 1850ರ ದಶಕದಿಂದಲೇ ಇದೆ. ಹಿಂಭಾಗದಲ್ಲಿ ಕುಣಿಕೆಗೆ ಕುಣಿಕೆ ಸೇರಿದ ಸರಪಳಿಯಂಥ ಹೊಲಿಗೆ ಇದ್ದರೆ ಅದು ಒಂದೇ ದಾರದ ಯಂತ್ರದ್ದು. ಮಕ್ಕಳ ಆಟದ ಹೊಲಿಗೆ ಯಂತ್ರಗಳೂ ಹಾಗೇ ಹೊಲಿಯುತ್ತಿದ್ದವು. ಅದರ ತುದಿ ಎಳೆದರೆ ಪೂರ್ತಿ ಬಿಚ್ಚಿಹೋಗುತ್ತದೆ, ಮುಟ್ಟಬೇಡಿ. ಇನ್ನೊಂದು ಮಾತು: ಸೊಟ್ಟ ಹೊಲಿಗೆ ಎಂದಮಾತ್ರಕ್ಕೆ ಮಗುವಿನದೆಂದು ತೀರ್ಮಾನಿಸಬಾರದು. ಕಣ್ಣು ಮಂಜಾದ ಅಜ್ಜಿಯ ಹೊಲಿಗೆಯೂ ಸೊಟ್ಟಗಿರುತ್ತದೆ.

ಈಗ ಒಗೆಯುವ ಸಲಹೆ. 19ನೇ ಶತಮಾನದ ಕಂದು, ಕಪ್ಪು ಬಣ್ಣಗಳಿಗೆ ಹಲವು ಸಲ ಕಬ್ಬಿಣದ ಲವಣ ಬಳಸಿದ್ದಾರೆ. ಅದು ಹತ್ತಿಯ ಎಳೆಯನ್ನೇ ತಿನ್ನುತ್ತದೆ. ನೋಡಲು ಗಟ್ಟಿಯಾಗಿದ್ದ ಕಂದು ತುಂಡು ನೀರಿನಲ್ಲಿ ಪುಡಿಯಾಗಿ, ಪಕ್ಕದ ಗುಲಾಬಿ ತುಂಡು ಹಾಗೇ ಉಳಿಯುತ್ತದೆ. ಮಂಜಿಷ್ಠ ಜಾತಿಯ ಬೇರಿನಿಂದ ಬಂದ ಟರ್ಕಿ ಕೆಂಪು ನೀರಿಗೆ ಜಗ್ಗದ ಬಣ್ಣ. ಆದರೆ ಶತಮಾನದ ಕೊನೆಯ ಕೃತಕ ಕೆಂಪುಗಳಲ್ಲಿ ಕೆಲವು ಬಿಳಿಗೆ ಹತ್ತಿಕೊಳ್ಳುತ್ತವೆ, ಬರಿಗಣ್ಣಿಗೆ ಎರಡೂ ಒಂದೇ. ಅದೇ ಕಾಲದ ರೇಷ್ಮೆಗೆ ತೂಕ ಬರಲೆಂದು ತವರದ ಲವಣ ಕುಡಿಸುತ್ತಿದ್ದರು. ಅಂಥ ರೇಷ್ಮೆ ಒಣಗಿದ ಎಲೆಯ ಹಾಗೆ ಉದ್ದುದ್ದ ಸೀಳುತ್ತದೆ. ಒಳಗಿನ ಹಳೆಯ ಹತ್ತಿಗೆ ಹೊಲಿಗೆ ಎರಡು ಇಂಚಿಗಿಂತ ದೂರ ಇದ್ದರೆ ನೆನೆದಾಗ ಮುದ್ದೆ ಕಟ್ಟುತ್ತದೆ. ನೆನೆದ ಕ್ವಿಲ್ಟ್ ಅನ್ನು ಹಿಂಡಿದರೆ, ತುದಿ ಹಿಡಿದು ಎತ್ತಿದರೆ ನೀರಿನ ಭಾರಕ್ಕೆ ದಾರ ಕಡಿಯುತ್ತದೆ. ಬಿಸಿಲಂತೂ ಬೇಡವೇ ಬೇಡ. ಮ್ಯೂಸಿಯಂಗಳು ಜವಳಿಗೆ ಸಾಮಾನ್ಯವಾಗಿ ಬೆಳಕಿನ ಅಳತೆಯಲ್ಲಿ 50 ಲಕ್ಸ್‌ಗಿಂತ ಹೆಚ್ಚು ಬೆಳಕು ಬಿಡುವುದಿಲ್ಲ.

ಧೂಳು ತೆಗೆಯಬೇಕೆಂದರೆ ಮೇಜಿನ ಮೇಲೆ ಹರಡಿ, ಮೇಲೆ ನೈಲಾನ್ ಸೊಳ್ಳೆಪರದೆಯ ತುಂಡು ಇಟ್ಟು, ವ್ಯಾಕ್ಯೂಮ್ ಕ್ಲೀನರಿನ ಎಳೆತವನ್ನು ಅತಿ ಕಡಿಮೆಗೆ ಇಳಿಸಿ, ಬಟ್ಟೆಗೆ ತಾಗಿಸದೆ ಆಡಿಸಿ. ಸೀಳಿದ ರೇಷ್ಮೆಗೆ ಇದೂ ಬೇಡ. ಪುಟ್ಟ ಕ್ವಿಲ್ಟ್‌ಗಳಿಗೆ ಒಂದು ಅನುಕೂಲವಿದೆ: ಮಡಿಸದೆ ಚಪ್ಪಟೆಯಾಗಿ ಇಡಬಹುದು. ಮಡಿಸಿದ ಗೆರೆಯಲ್ಲೇ ಬಟ್ಟೆ ಮೊದಲು ಮುರಿಯುತ್ತದೆ. ಗಂಜಿ ಹೋಗುವಂತೆ ಚೆನ್ನಾಗಿ ತೊಳೆದು ಒಣಗಿಸಿದ ಕೋರಾ ಬಟ್ಟೆಯಲ್ಲಿ ಸುತ್ತಿಡಿ. ಗಂಜಿ ಉಳಿದರೆ ಬೆಳ್ಳಿಮೀನು ಹುಳು ಬರುತ್ತದೆ. ಪ್ಲಾಸ್ಟಿಕ್ ಕವರಿನಲ್ಲಿ ಕರಾವಳಿ, ಮಲೆನಾಡಿನ ಮಳೆಗಾಲದ ಪಸೆ ಸಿಕ್ಕಿಕೊಂಡು ಬೂಸ್ಟು ಹಿಡಿಯುತ್ತದೆ. ನುಸಿಗುಳಿಗೆ, ಬೇವಿನೆಲೆ ಬಟ್ಟೆಗೆ ತಾಗಬಾರದು, ಕಲೆಯಾಗುತ್ತದೆ. ಮರದ ಕಪಾಟಿನ ಹಲಗೆಗೂ ಬಟ್ಟೆಗೂ ನಡುವೆ ಕೋರಾ ಬಟ್ಟೆಯ ಇನ್ನೊಂದು ಪದರ ಇರಲಿ.

ನಮ್ಮ ಕೌದಿಯನ್ನು ಲೇಖಕರು 'ಇದೇ ಕಲೆ' ಎಂದಿದ್ದಾರೆ. ತುಂಡು ಬಟ್ಟೆಯೊಂದೇ ಸಮಾನ, ಕಟ್ಟುವ ರೀತಿ ಬೇರೆ. ಉತ್ತರ ಕರ್ನಾಟಕದ ಕೌದಿಯಲ್ಲಿ ಹಳೆಯ ಸೀರೆ, ಧೋತರಗಳ ಪದರವೇ ಮೈ. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿ ಮಹಿಳೆಯರ ಕವಂದಿಯಲ್ಲಿ ತುಂಡುಗಳನ್ನು ಮೊದಲು ಒಂದಕ್ಕೊಂದು ಜೋಡಿಸುವುದಿಲ್ಲ. ಅಂಚಿನಿಂದ ಶುರುಮಾಡಿ, ತುಂಡಿನ ತುದಿ ಮಡಿಸಿ ತಳದ ಬಟ್ಟೆಯ ಮೇಲಿಟ್ಟು, ಸಾಲುಸಾಲಾಗಿ ಹೊಲಿಯುತ್ತ ನಡುವಿಗೆ ಬರುತ್ತಾರೆ. ತೇಪೆ ಹಿಡಿಯುವ ಹೊಲಿಗೆಯೇ ಪದರಗಳನ್ನೂ ಕೂಡಿಸುತ್ತದೆ. ಹೀಗಾಗಿ ಮೇಲೆ ಹೇಳಿದ ಕಾಲು ಇಂಚಿನ ಲೆಕ್ಕ ಇಲ್ಲಿ ಬೇಕಾಗುವುದಿಲ್ಲ. ತುಂಡು ಹೆಚ್ಚಾದರೆ ಮಡಿಸಿದರಾಯಿತು, ಕಡಿಮೆಯಾದರೆ ಇನ್ನೊಂದು ಇಟ್ಟರಾಯಿತು. ಇಲ್ಲಿ ಕಷ್ಟವಿರುವುದು ಪದರ ಸರಿಯದಂತೆ, ನಡು ಉಬ್ಬದಂತೆ ಕೈ ಒಂದೇ ಬಿಗಿಯಲ್ಲಿ ಸಾಗಿಸುವುದರಲ್ಲಿ. ಕೊನೆಗೆ ನಾಲ್ಕು ಮೂಲೆಗೆ ಮಡಿಸಿದ ಬಟ್ಟೆಯ 'ಫೂಲ' ಬೀಳದೆ ಕವಂದಿ ಪೂರ್ತಿಯಾಗುವುದಿಲ್ಲ. ತೊಟ್ಟಿಲ ಅಳತೆಯ ಕವಂದಿಗಳನ್ನು ಅವರು ಈಗಲೂ ಹೊಲಿಯುತ್ತಾರೆ. ಹೊಲಿದವರು ನಮ್ಮ ನಡುವೆಯೇ ಇರುವಾಗ ಅವರನ್ನು ಕೇಳಿ ಬರೆದಿಡುವುದು ಅಮೆರಿಕದ ಕ್ವಿಲ್ಟ್‌ಗಳ ಬಗ್ಗೆ ಊಹಿಸುವುದಕ್ಕಿಂತ ಸುಲಭ, ಹೆಚ್ಚು ತುರ್ತು ಕೂಡ.

ನನ್ನ ಕೋರಿಕೆ ಎರಡು. ಒಗೆದು ಬಿಸಿಲಿಗೆ ಹಾಕುವ ಸಲಹೆಯನ್ನು ಮುಂದಿನ ಪುರವಣಿಯಲ್ಲಿ ದಯವಿಟ್ಟು ಹಿಂತೆಗೆದುಕೊಳ್ಳಿ. ಇಂಥ ವಸ್ತುವಿನ ಚಿತ್ರ ಹಾಕುವಾಗ ಅಳತೆ ಕೊಡಿ, ಹಿಂಭಾಗದ್ದೂ ಒಂದು ಚಿತ್ರ ಹಾಕಿ. ಮನೆಯಲ್ಲಿ ಪುಟ್ಟ ಕ್ವಿಲ್ಟ್, ಕೂಸಿನ ಕೌದಿ, ಕವಂದಿ ಇರುವ ಓದುಗರು ಹೊಲಿದವರ ಹೆಸರು, ಊರು, ಯಾರಿಗಾಗಿ, ಯಾವ ವರ್ಷ, ಯಾವ ತುಂಡು ಯಾರ ಸೀರೆಯದು ಎಂಬಷ್ಟನ್ನು ಕಾಗದದ ಮೇಲೆ ಪೆನ್ಸಿಲಿನಲ್ಲಿ ಬರೆದು ಜೊತೆಗಿಡಲಿ. ಬಟ್ಟೆಗೇ ಗುರುತು ಬೇಕಿದ್ದರೆ ಹತ್ತಿಯ ಪಟ್ಟಿಯ ಮೇಲೆ ಹೆಸರು ಕಸೂತಿ ಮಾಡಿ, ಹಿಂಭಾಗದ ಅಸ್ತರಿಗೆ ಮಾತ್ರ ಸಡಿಲವಾಗಿ ನಾಲ್ಕು ಹೊಲಿಗೆ ಹಾಕಿದರೆ ಸಾಕು. ಗೋಂದು, ಸ್ಟಿಕ್ಕರ್, ಬಾಲ್‌ಪೆನ್ ಮೂರೂ ಬೇಡ.

ಇತಿ,
ಹಳೆಯ ಜವಳಿಯ ಕೆಲಸದಲ್ಲಿರುವ ಓದುಗಿ, ಧಾರವಾಡ